ಮಲೆಯೂರಿನ ದೇವಚಂದ್ರನೂ ಮೆಕೆಂಜಿ ಸಾಹೇಬನೂ

ಚಾಮರಾಜನಗರದ ಸೀಮೆಯಲ್ಲಿ ಮಲೆಯೂರೆಂಬ ಗ್ರಾಮವಿದೆ. ಅದರ ಬಳಿಯಲ್ಲಿರುವ ಬೆಟ್ಟಕ್ಕೆ ಕನಕಗಿರಿಯೆಂದು ಹೆಸರು. ಬೆಟ್ಟದ ಮೇಲೆ ಪಾರ್ಶ್ವನಾಥ ಸ್ವಾಮಿಯ ಬಸದಿಯಿರುವುದು, ಬಂಡೆಗಳಲ್ಲಿ ಶಾಸನಗಳಿರುವುವು. ಜೈನೇಂದ್ರ ವ್ಯಾಕರಣವನ್ನೂ, ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನೂ ರಚಿಸಿದ ಪೂಜ್ಯಪಾದಾಚಾರ್ಯರಿಗೂ ಈ ಬೆಟ್ಟಕ್ಕೂ ಸಂಬಂಧವುಂಟೆಂಬುದು ಅಲ್ಲಿಯ ಜೈನರಲ್ಲಿ ಪರಂಪರೆಯಿಂದ ಬಂದ ಮಾತು. ಶ್ರವಣಬೆಳಗೊಳದ ಕೀರ್ತಿ ಈ ಕ್ಷೇತ್ರಕ್ಕಿಲ್ಲ. ಆದರೆ ಕರ್ನಾಟಕದ ಇತಿಹಾಸ ಸಂಶೋಧನೆಯ ಕಥೆಯಲ್ಲಿ ಮಲೆಯೂರಿಗೆ ಒಂದು ಸ್ಥಾನವುಂಟು. ಅದನ್ನು ತಿಳಿದವರು ವಿರಳ.

ಕ್ರಿ. ಶ. ೧೮೦೪ರಲ್ಲಿ ಈ ಕ್ಷೇತ್ರಕ್ಕೆ ಪರದೇಶದ ಅಧಿಕಾರಿಯೊಬ್ಬನು ಬಂದನು. ಅವನು ಬಂದುದು ದೇಶವನ್ನು ಅಳೆಯುವ ಕಾರ್ಯಕ್ಕಾಗಿ. ಬಂದವನು ಬೆಟ್ಟದ ಎತ್ತರವನ್ನೂ ಊರಿನ ಎಲ್ಲೆಯನ್ನೂ ಗುರುತುಮಾಡಿಕೊಂಡು ಮುಂದಕ್ಕೆ ಹೋಗಿಬಿಡಬಹುದಾಗಿತ್ತು. ಹಾಗೆ ಮಾಡದೆ, ಈ ಸ್ಥಳದ ಪೂರ್ವವೃತ್ತಾಂತವೇನೆಂದು ಊರಿನವರನ್ನು ಕೇಳಿದನು. ಉತ್ತರ ಹೇಳಿದವನು ಅಲ್ಲಿಯ ಜೈನ ವಿದ್ವಾಂಸನಾದ ದೇವಚಂದ್ರ. ಕೇಳಿದವನ ಹೆಸರು ಕಾಲಿನ್ ಮೆಕೆಂಜಿ. ಈ ಒಂದು ಪ್ರಶ್ನೆಗೆ ಪೂರ್ಣವಾದ ಉತ್ತರ ಸಿದ್ಧವಾಗಲು ಮೂವತ್ತನಾಲ್ಕು ವರ್ಷಗಳು ಬೇಕಾದುವು. ಅಷ್ಟು ಹೊತ್ತಿಗೆ ಕೇಳಿದವನು ತೀರಿಹೋಗಿ ಹದಿನೇಳು ವರ್ಷಗಳಾಗಿದ್ದುವು.

ಮೆಕೆಂಜಿಯು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಊರಿನವನು. ೧೭೮೩ರಲ್ಲಿ ಕಂಪೆನಿ ಸರಕಾರದ ಸೈನ್ಯದಲ್ಲಿ ಉದ್ಯೋಗಿಯಾಗಿ ಮದರಾಸಿಗೆ ಬಂದನು. ಅದಕ್ಕೆ ಮೊದಲು, ಲಾಗರಿದಮ್ ಗಣಿತವನ್ನು ಕಂಡುಹಿಡಿದ ನೇಪಿಯರನ ಚರಿತ್ರೆಯನ್ನು ಬರೆಯಬೇಕೆಂದಿದ್ದ ಆ ವಂಶದ ಪ್ರಭುವೊಬ್ಬನು, ಹಿಂದೂಗಳ ಗಣಿತಶಾಸ್ತ್ರದ ವಿಷಯವನ್ನು ಸಂಗ್ರಹಿಸುವ ಕೆಲಸಕ್ಕೆ ಇವನನ್ನು ನಿಯಮಿಸಿಕೊಂಡಿದ್ದನು. ಮಧುರೆಯಲ್ಲಿ ಆ ಪ್ರಭುವಿನ ಮಗಳ ಮೂಲಕ ಅಲ್ಲಿಯ ಪಂಡಿತರ ಪರಿಚಯ ಇವನಿಗೆ ದೊರೆಯಿತು. ಗಣಿತವನ್ನು ಅರಸುತ್ತ ಬಂದವನ ಮನಸ್ಸು ಈ ದೇಶದ ಪೂರ್ವೇತಿಹಾಸದ ಕಡೆಗೆ ತಿರುಗಿದುದು ಹೀಗೆ. ಆದರೂ ಮೊದಲಿನ ಹದಿಮೂರು ವರ್ಷಗಳಲ್ಲಿ ತನ್ನಿಂದ ಹೇಳಿಕೊಳ್ಳುವಂಥ ಕೆಲಸವೇನೂ ಆಗಲಿಲ್ಲವೆಂದು ಅವನೇ ೧೮೧೭ರಲ್ಲಿ ಬರೆದ ಒಂದು ಪತ್ರದಲ್ಲಿ ಒಪ್ಪಿಕೊಂಡಿರುವನು. ಕಾರಣಗಳೂ ಸ್ಪಷ್ಟವಾಗಿದ್ದುವು: ದಂಡಿನ ಕೆಲಸದಲ್ಲಿ ಬಿಡುವಿಲ್ಲ, ದೇಶಭಾಷೆಗಳ ಜ್ಞಾನವಿಲ್ಲ. ೧೭೯೬ರಲ್ಲಿ ಸಿಂಹಳದ ದಂಡಯಾತ್ರೆಯಿಂದ ಹಿಂದಿರುಗಿದ ಮೇಲೆ ದಾರಿ ತೆರೆಯಿತು. ಅದೂ ತನ್ನ ಯೋಜನೆಯಿಂದ ಆದುದಲ್ಲ, ಆಕಸ್ಮಿಕವಾಗಿ ಒದಗಿದುದು ಎಂದು ಅದೇ ಪತ್ರದಲ್ಲಿ ಹೇಳಿರುವನು.

ಹಾಗೆ ಒದಗಿದ ಭಾಗ್ಯವೆಂದರೆ ಏಲೂರಿನ ಬ್ರಾಹ್ಮಣ ತರುಣನಾದ ಕಾವಲಿ ವೆಂಕಟ ಬೋರಯ್ಯನ ಪರಿಚಯ. ಇವನಿಗೆ ಆಗಿನ್ನೂ ಇಪ್ಪತ್ತು ವರ್ಷ. ಸಂಸ್ಕೃತವನ್ನೂ ದೇಶಭಾಷೆಗಳನ್ನೂ ಬಲ್ಲವನು. ಅದಕ್ಕಿಂತ ಹೆಚ್ಚಾಗಿ, ಜನರೊಡನೆ ಹೇಗೆ ಮಾತನಾಡಬೇಕೆಂಬುದನ್ನು ಬಲ್ಲವನು. ಊರಿಗೆ ಕುದುರೆಯೇರಿ ಬಂದ ದೊರೆಯ ಮುಂದೆ ಬಾಯಿಬಿಡದ ಜನರು ಜಗುಲಿಯ ಮೇಲೆ ಕುಳಿತು ಕೇಳುವ ವಿದ್ವಾಂಸನಿಗೆ ಮನಸ್ಸು ಬಿಚ್ಚಿ ಹೇಳುವುದು ಸ್ವಾಭಾವಿಕ. ಮೆಕೆಂಜಿಯ ಸಂಗ್ರಹದ ಅಡಿಗಲ್ಲು ಈ ತರುಣನು. ೧೮೦೩ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ಅವನು ಕಾಲವಾದನು. ಅವನ ಸ್ಥಾನಕ್ಕೆ ಅವನ ತಮ್ಮನಾದ ಲಕ್ಷ್ಮಯ್ಯನು ಬಂದನು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪುವಿನ ರಾಜ್ಯವು ಹಂಚಿಹೋಯಿತು. ಮರುವರ್ಷವೇ ಮೈಸೂರು ಸೀಮೆಯ ಮೋಜಣಿಯ ಕೆಲಸ ಮೆಕೆಂಜಿಗೆ ಒಪ್ಪಿಸಲ್ಪಟ್ಟಿತು. ಅಳೆಯಬೇಕಾಗಿದ್ದ ಪ್ರದೇಶ ಸುಮಾರು ೪೦,೦೦೦ ಚದರ ಮೈಲಿ. ಗಡಿಗಳನ್ನು ಗೊತ್ತುಮಾಡುವುದು, ಹುಟ್ಟುವಳಿಯನ್ನು ತಿಳಿಯುವುದು, ದಾರಿಗಳನ್ನೂ ದುರ್ಗಗಳನ್ನೂ ಗುರುತಿಸುವುದು, ಇವು ಕಂಪೆನಿ ಸರಕಾರದ ಉದ್ದೇಶಗಳು. ಇದು ಗೆದ್ದವರ ಕೆಲಸವೆಂಬುದನ್ನು ಮರೆಮಾಚಬೇಕಾದುದಿಲ್ಲ. ಗ್ರಾಮಸ್ಥರಿಗೂ ಅದು ತಿಳಿದಿತ್ತು. ಅಳತೆಯ ಹಿಂದೆಯೇ ಕಂದಾಯ ಬರುವುದೆಂಬ ಶಂಕೆಯಿಂದ ಶಾಸನವನ್ನು ತೋರಿಸಲೂ ಕವಿಲೆಯನ್ನು ಬಿಚ್ಚಲೂ ಹಿಂಜರಿದವರುಂಟು. ಮೆಕೆಂಜಿಯ ಗುಮಾಸ್ತರ ವರದಿಗಳಲ್ಲಿ ಇಂಥ ಶಂಕೆಯ ಪ್ರಸ್ತಾಪ ಬಂದಿದೆ. ಆ ಶಂಕೆ ನಿರಾಧಾರವೆಂದು ಹೇಳುವಂತಿಲ್ಲ. ಹೀಗಿದ್ದರೂ ಮೋಜಣಿಯ ಸರಪಣಿಯ ಹಿಂದೆಯೇ ಈ ಪಂಡಿತರ ತಂಡವು ಊರೂರನ್ನು ಸುತ್ತಿತು. ಶಾನುಭೋಗರ ಕಡತ, ಮಠಗಳ ಓಲೆಗರಿ, ದೇವಸ್ಥಾನದ ಕಲ್ಲು, ವೃದ್ಧರ ನೆನಪು, ಇವೆಲ್ಲವೂ ಅವರ ಬರವಣಿಗೆಗೆ ಸೇರಿದುವು. ಊರಿನ ವೃತ್ತಾಂತಗಳು ಹೀಗೆ ಕೈಫಿಯತ್ತುಗಳಾದುವು.

ಈ ಸಂಚಾರದಿಂದ ದೊರೆತ ಮೊದಲನೆಯ ದೊಡ್ಡ ಫಲವು ಜೈನಮತದ ಪರಿಚಯ. ಕನ್ನಡಿಗರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಪಂಪ, ಪೊನ್ನ, ರನ್ನರ ನಾಡಿನಲ್ಲಿ ಜೈನಮತವು ಯಾರಿಗೆ ಅಪರಿಚಿತ? ಆದರೆ ಐರೋಪ್ಯ ವಿದ್ವಾಂಸರಿಗೆ ಅಂದು ಅದರ ಸ್ವರೂಪವು ತಿಳಿದಿರಲಿಲ್ಲ. ಬೌದ್ಧಮತದ ಒಂದು ಕವಲೆಂದೇ ಹಲವರು ಎಣಿಸಿದ್ದರು. ದಾರಿಯಲ್ಲಿ ಎದುರಾದ ಜೈನರೊಡನೆ ಮಾತನಾಡಿದಾಗಲೇ ಇವರ ಆಗಮಗಳು ಬೇರೆ, ಆಚಾರ್ಯ ಪರಂಪರೆ ಬೇರೆ, ಇತಿಹಾಸವೂ ಬೇರೆ ಎಂಬುದು ಮೆಕೆಂಜಿಗೆ ಹೊಳೆದುದು. ಮುದ್ಗೇರಿಯೆಂದು ಮುದ್ರಿತವಾಗಿರುವ ಊರಿನ ಜೈನ ಪುರೋಹಿತನೊಬ್ಬನು ಹೇಳಿದ ವಿವರಗಳನ್ನು ಬೋರಯ್ಯನು ಇಂಗ್ಲಿಷಿಗೆ ಭಾಷಾಂತರಿಸಿದನು. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಶೋಧನ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ, ೧೮೦೭ರಲ್ಲಿ, ಅದು ಅಚ್ಚಾಯಿತು. ೧೮೦೦ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿದ ಬುಕಾನನ್ನನು ಜೈನರ ವಿಷಯದಲ್ಲಿ ಬರೆದುಕೊಂಡ ಸಂಗತಿಗಳೂ ಅದೇ ಸಂಪುಟದಲ್ಲಿ ಬಂದುವು. ಇವೆರಡನ್ನೂ ಮುಂದಿಟ್ಟುಕೊಂಡು ಸಂಸ್ಕೃತ ವಿದ್ವಾಂಸನಾದ ಕೋಲ್‌ಬ್ರೂಕನು ತನ್ನ ಪ್ರಬಂಧವನ್ನು ಬರೆದನು. ಜೈನಮತವು ಸ್ವತಂತ್ರವಾದುದೆಂಬುದನ್ನು ಯಾಕೋಬಿ ಪಂಡಿತನು ೧೮೭೯ರಲ್ಲಿ ಪ್ರಮಾಣಪೂರ್ವಕವಾಗಿ ಸ್ಥಾಪಿಸಿದನೆಂಬುದು ಪ್ರಸಿದ್ಧ ವಿಷಯ. ಎಪ್ಪತ್ತು ವರ್ಷಗಳಿಗೂ ಹಿಂದೆ, ದಾರಿಹೋಕನೊಬ್ಬನ ಪ್ರಶ್ನೆಗೆ ಉತ್ತರವಾಗಿ, ಹಳ್ಳಿಯ ಪುರೋಹಿತನು ಅದೇ ಮಾತಿನ ಬೀಜವನ್ನು ಬಿತ್ತಿದ್ದನು. ಆ ಪುರೋಹಿತನ ಹೆಸರು ಪ್ರಬಂಧದ ಶಿರೋನಾಮೆಯಲ್ಲಿ ಇಲ್ಲ. ಊರಿನ ಹೆಸರು ಮಾತ್ರವಿದೆ.

ಎರಡನೆಯ ಫಲವು ಶಿಲಾಶಾಸನಗಳ ಬೆಲೆಯನ್ನು ಅರಿತುದು. ದೇವಸ್ಥಾನದ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೂ ನಿಂತಿರುವ ಬರಹದ ಕಲ್ಲುಗಳನ್ನು ಜನರು ನಿಧಿಯ ಗುರುತೆಂದೋ ಶಾಪದ ಕಲ್ಲೆಂದೋ ಬಗೆದಿದ್ದರು. ರಾಜನ ಹೆಸರು, ಶಕವರ್ಷ, ದಾನದ ಭೂಮಿ, ಅದರ ಚತುಸ್ಸೀಮೆ, ಸಾಕ್ಷಿಗಳು, ಇವಿಷ್ಟನ್ನೂ ಒಂದೇ ಕಲ್ಲು ಹೇಳುವುದೆಂದೂ, ಪುರಾಣದಲ್ಲಿ ಕಾಣದ ಕಾಲನಿರ್ಣಯವು ಕಲ್ಲಿನಲ್ಲಿ ಸಿಕ್ಕುವುದೆಂದೂ ಮೆಕೆಂಜಿಯ ತಂಡವು ಮನಗಂಡಿತು. ಆದರೆ ಹಳಗನ್ನಡದ ಲಿಪಿಯನ್ನೂ ಭಾಷೆಯನ್ನೂ ಓದಿ ಅರ್ಥಮಾಡುವವರು ಬೇಕಷ್ಟೆ. ಈ ಕಾರ್ಯಕ್ಕೆ ಒದಗಿದವನು ಧರ್ಮಯ್ಯನೆಂಬ ಜೈನ ಪಂಡಿತ, ಇವನೂ ಮಲೆಯೂರಿನವನೇ. ಜೈನರ ಮನೆಗಳಲ್ಲಿ ಹಳೆಯ ಕಾವ್ಯಗಳ ಪಾರಾಯಣವು ಬಿಟ್ಟುಹೋಗದೆ ಉಳಿದಿದ್ದುದರಿಂದ, ಇತರರಿಗೆ ತೊಡಕಾದ ಮಾತುಗಳು ಅವನಿಗೆ ಸುಲಭವಾಗಿದ್ದುವು. ಮನೆಯೊಳಗಣ ವಿದ್ಯಾಭ್ಯಾಸವು ನಾಡಿನ ಇತಿಹಾಸಕ್ಕೆ ಬೀಗದಕೈಯಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ.

೧೮೧೬ರಲ್ಲಿ ತಾಮಸ್ ಹಿಕೀ ಎಂಬ ಚಿತ್ರಕಾರನು ಬರೆದ ಮೆಕೆಂಜಿಯ ಭಾವಚಿತ್ರವೊಂದು ಲಂಡನ್ನಿನಲ್ಲಿದೆ. ಕೆಂಪು ಅಂಗಿಯನ್ನು ತೊಟ್ಟ ಮೆಕೆಂಜಿಯೊಡನೆ ಈ ದೇಶದವರು ಮೂವರು ನಿಂತಿರುವರು. ಒಬ್ಬನ ಕೈಯಲ್ಲಿ ತಾಳೆಯೋಲೆಯ ಗ್ರಂಥವಿದೆ. ದೂರದ ಬೆಟ್ಟದ ಮೇಲೆ ಗೊಮ್ಮಟನ ವಿಗ್ರಹವು ಕಾಣುವುದು. ಓಲೆಗರಿಯನ್ನು ಹಿಡಿದವನು ಧರ್ಮಯ್ಯನಿರಬೇಕೆಂದು ವಿದ್ವಾಂಸರು ಊಹಿಸಿರುವರು. ಅಂದಿನ ಐರೋಪ್ಯರ ಚಿತ್ರಗಳಲ್ಲಿ ನಮ್ಮವರು ಸೇವಕರಾಗಿಯೇ ಕಾಣಿಸಿಕೊಳ್ಳುವುದು ವಾಡಿಕೆ. ಇಲ್ಲಿ ಅವರು ವಿದ್ಯೆಯ ಸಹಾಯಕರಾಗಿ ನಿಂತಿರುವರು. ಮೆಕೆಂಜಿಗೆ ತನ್ನ ಸಂಗ್ರಹವು ಯಾರ ಶ್ರಮದ ಫಲವೆಂಬ ಅರಿವಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು ದೇವಚಂದ್ರನ ವಿಷಯ. ಇವನು ೧೭೭೦ರಲ್ಲಿ ಜನಿಸಿದನೆಂದು ತಿಳಿದುಬರುವುದರಿಂದ, ಮೆಕೆಂಜಿಯು ಕನಕಗಿರಿಗೆ ಬಂದಾಗ ಇವನಿಗೆ ಮೂವತ್ತನಾಲ್ಕು ವರ್ಷವಾಗಿರಬೇಕು. ಸ್ಥಳದ ಪುರಾತನ ಸಂಗತಿಗಳನ್ನು ಕೇಳಿದ ಸಾಹೇಬನಿಗೆ ಇವನು ಪೂಜ್ಯಪಾದರ ಚರಿತೆಯನ್ನು ತಿಳಿಸಿದನು. ಅದರಿಂದ ಸಂತುಷ್ಟನಾದ ಮೆಕೆಂಜಿಯು ಕರ್ನಾಟಕದ ಪೂರ್ವಚರಿತ್ರೆಯನ್ನು ಕ್ರಮವಾಗಿ ಬರೆಯಬೇಕೆಂದು ಸೂಚಿಸಿದನು. ಅಲ್ಲಿಯವರೆಗೆ ಇಂಥ ಪಂಡಿತನ ಮುಂದೆ ಧರ್ಮಕಥೆಯನ್ನು ಹೇಳೆಂದು ಕೇಳುವವರಿದ್ದರು. ನಾಡಿನ ಹಿಂದಿನ ಕಥೆಯನ್ನು ಒಟ್ಟಿಗೆ ಸೇರಿಸಿ ಬರೆ ಎಂದು ಹೇಳಿದವರು ಅಪರೂಪ. ಪ್ರಶ್ನೆಯು ಪಂಡಿತನ ಮನಸ್ಸಿನಲ್ಲಿ ನಾಟಿತು.

ಪ್ರಶ್ನೆಯನ್ನು ಕೇಳಿದವನು ನಿಲ್ಲಲಿಲ್ಲ. ೧೮೧೧ರಲ್ಲಿ ಅವನನ್ನು ಜಾವಾ ದ್ವೀಪದ ದಂಡಯಾತ್ರೆಗೆ ಕಳುಹಿಸಿದರು. ೧೮೧೫ರಲ್ಲಿ ಇಂಡಿಯಾ ದೇಶಕ್ಕೆಲ್ಲ ಸರ್ವೇಯರ್ ಜನರಲ್ ಪದವಿ ದೊರೆತು, ಕೊನೆಗೆ ಕಲ್ಕತ್ತೆಯನ್ನು ಸೇರಿದನು. ಸಂಗ್ರಹವನ್ನು ವ್ಯವಸ್ಥೆಗೊಳಿಸಿ ಗ್ರಂಥರೂಪಕ್ಕೆ ತರಬೇಕೆಂದು ಬಯಸಿದ್ದನು, ಅದು ಕೈಗೂಡಲಿಲ್ಲ. ೧೮೨೧ರ ಮೇ ೮ರಂದು ತೀರಿಕೊಂಡನು. ಒಂದು ಲಕ್ಷ ರೂಪಾಯಿಗಳಿಗೆ ಸರಕಾರದವರು ಆ ಸಂಗ್ರಹವನ್ನು ಕೊಂಡರು. ೧೮೨೮ರಲ್ಲಿ ವಿಲ್ಸನ್ ಪಂಡಿತನು ಪ್ರಕಟಿಸಿದ ಪಟ್ಟಿಯ ಪ್ರಕಾರ ಅದರಲ್ಲಿ ೧,೫೬೮ ಗ್ರಂಥಗಳೂ, ೮,೦೭೬ ಶಾಸನಗಳ ಪ್ರತಿಗಳೂ, ೬,೨೧೮ ನಾಣ್ಯಗಳೂ ಇದ್ದುವು. ಅದನ್ನು ಓದಿ ಒಂದಕ್ಕೊಂದನ್ನು ಹೊಂದಿಸಬಲ್ಲವರು ಮಾತ್ರ ಚದರಿಹೋಗಿದ್ದರು.

ಅವರಲ್ಲಿ ಮುಖ್ಯನಾದ ಲಕ್ಷ್ಮಯ್ಯನು ಸುಮ್ಮನಿರಲಿಲ್ಲ. ಯಜಮಾನನು ಅರ್ಧಕ್ಕೆ ಬಿಟ್ಟ ಕೆಲಸವನ್ನು ತಾನು ಮುಂದುವರಿಸುವೆನೆಂದು ಅಧಿಕಾರಿಗಳಿಗೆ ಬಿನ್ನವಿಸಿಕೊಂಡನು. ಊರುಗಳನ್ನು ಅವನು ಬಲ್ಲವನು, ಭಾಷೆಗಳನ್ನು ಬಲ್ಲವನು, ಯಾವ ಕಟ್ಟಿನಲ್ಲಿ ಯಾವ ಕಾಗದವಿದೆಯೆಂಬುದನ್ನೂ ಬಲ್ಲವನು. ವಿಷಯವು ಏಷಿಯಾಟಿಕ್ ಸೊಸೈಟಿಯ ಮುಂದೆ ವಿಚಾರಣೆಗೆ ಬಂದಿತು. ೧೮೩೬ರಲ್ಲಿ ಬಂದ ಉತ್ತರದ ತಾತ್ಪರ್ಯವಿಷ್ಟು: ಬಿಡಿ ಸಂಗತಿಗಳಿಂದ ಸಾಮಾನ್ಯ ತತ್ತ್ವವನ್ನು ಹೊರಡಿಸುವ ಶಿಕ್ಷಿತ ಬುದ್ಧಿಯು ಈ ಕೆಲಸಕ್ಕೆ ಬೇಕು, ಅದು ಈ ಅರ್ಜಿದಾರನಲ್ಲಿಯಾಗಲಿ ಈ ದೇಶದ ಬೇರೆ ಯಾವನಲ್ಲಿಯಾಗಲಿ ಸಾಕಷ್ಟಿದೆಯೆಂದು ಹೇಳಲಾಗದು. ಅಶೋಕನ ಲಿಪಿಯನ್ನು ಮುಂದಿನ ವರ್ಷವೇ ಓದಿ ಜಗತ್ಪ್ರಸಿದ್ಧನಾದ ಪ್ರಿನ್ಸೆಪ್ಪನೇ ಆಗ ಸೊಸೈಟಿಯ ಕಾರ್ಯದರ್ಶಿಯಾಗಿದ್ದನು. ಮಹಾವಿದ್ವಾಂಸರಿಗೂ ತಮ್ಮ ಕಾಲದ ಅಭಿಮಾನವು ಕಣ್ಣಿಗೆ ಪೊರೆಯಾಗುವುದುಂಟು. ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನಿಗೆ ಯೋಗ್ಯತೆ ಸಾಲದೆಂಬ ಮಾತು ದೊರೆಯಿತು.

ಈ ತೀರ್ಪು ಹೊರಟು ಎರಡು ವರ್ಷಗಳಾಗುವಷ್ಟರಲ್ಲಿ, ಯಾರ ಅಪ್ಪಣೆಗೂ ಕಾಯದೆ, ಮಲೆಯೂರಿನ ದೇವಚಂದ್ರನು ರಾಜಾವಳೀಕಥೆಯನ್ನು ಮುಗಿಸಿದನು. ಅವನಿಗಾಗ ಅರುವತ್ತೆಂಟು ವರ್ಷ. ಕೇಳಿದ ಸಾಹೇಬನಿಲ್ಲ; ಅವನ ಸಂಗ್ರಹವಾದರೋ ದೂರದ ಪಟ್ಟಣಗಳಲ್ಲಿ ಮೂಲೆ ಸೇರಿತ್ತು. ಆದರೂ ಪಂಡಿತನು ತಾನು ಕೇಳಿದುದನ್ನೂ ಓದಿದುದನ್ನೂ ಗದ್ಯದಲ್ಲಿ ಬರೆದು, ಮೈಸೂರು ರಾಜಮನೆತನದ ದೇವಿರಮ್ಮಣ್ಣಿಯವರಿಗೆ ಗ್ರಂಥವನ್ನು ಒಪ್ಪಿಸಿದನು.

ಈ ಗ್ರಂಥವಿಲ್ಲದಿದ್ದರೆ ಕನ್ನಡಿಗರಿಗೆ ನಷ್ಟವಾಗುತ್ತಿದ್ದುದೇನೆಂಬುದನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. ಕಂತಿ ಎಂಬ ಕವಯಿತ್ರಿಯೂ ಅಭಿನವಪಂಪನೆನಿಸಿದ ನಾಗಚಂದ್ರನೂ ದೋರಸಮುದ್ರದ ಆಸ್ಥಾನದಲ್ಲಿ ಸಮಸ್ಯೆಗಳನ್ನೊಡ್ಡಿ ಸ್ಪರ್ಧಿಸಿದ ಕಥೆಯನ್ನು ವಿದ್ಯಾವಂತರ ಮನೆಗಳಲ್ಲಿ ಅರಿಯದವರಿಲ್ಲ. ಆ ಕಥೆಯು ಬೆಳಕಿಗೆ ಬಂದುದು ದೇವಚಂದ್ರನ ಗ್ರಂಥದಿಂದ. ಚಂದ್ರಗುಪ್ತನು ಕಂಡ ಹದಿನಾರು ಕನಸುಗಳು, ಹನ್ನೆರಡು ವರ್ಷದ ಕ್ಷಾಮ, ಭದ್ರಬಾಹು ಮುನಿಗಳು ಸಂಘದೊಡನೆ ದಕ್ಷಿಣಕ್ಕೆ ಬಂದುದು, ಇವುಗಳ ಕಥೆಯನ್ನು ಇವನು ಸವಿಸ್ತಾರವಾಗಿ ಬರೆದಿರುವನು. ರೈಸ್ ಸಾಹೇಬರು ೧೮೮೯ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ರಾಜಾವಳೀಕಥೆಯ ಈ ಭಾಗವನ್ನು ವಿದ್ವಲ್ಲೋಕದ ಮುಂದಿಟ್ಟರು. ಫ್ಲೀಟರು ಅದನ್ನು ಒಪ್ಪದೆ ಆಕ್ಷೇಪಿಸಿದರು. ವಾದವು ಬೆಳೆಯಿತು. ನರಸಿಂಹಾಚಾರ್ಯರು ೧೯೨೩ರಲ್ಲಿ ಆ ಶಾಸನಗಳ ಪರಿಷ್ಕೃತ ಸಂಪುಟವನ್ನು ಹೊರಡಿಸಿದಾಗ ಎಲ್ಲ ಪ್ರಮಾಣಗಳನ್ನೂ ಮತ್ತೆ ತೂಗಿನೋಡಿದರು.

ದೇವಚಂದ್ರನು ಹೇಳಿದುದೆಲ್ಲವೂ ಯಥಾರ್ಥವೆಂದು ಹೇಳುವುದು ಸರಿಯಲ್ಲ. ರಾಜರ ಕ್ರಮವನ್ನು ಅವನು ಅನೇಕ ಕಡೆ ಕಲಸಿರುವನು; ಕಾಲಗಣನೆ ತಪ್ಪಿದೆ; ಸ್ವಮತದ ಪಕ್ಷಪಾತವೂ ಇಲ್ಲದೆ ಇಲ್ಲ. ಚಂದ್ರಗಿರಿಯ ಮೇಲೆ ಕ್ರಿ. ಶ. ೬೦೦ರ ಸುಮಾರಿನ ಒಂದು ಶಾಸನವಿದೆ. ಅದರಲ್ಲಿ ಭದ್ರಬಾಹುವು ಕ್ಷಾಮವನ್ನು ಮುಂಚಿತವಾಗಿ ತಿಳಿಸಿದುದೂ, ಸಂಘವು ಉತ್ತರದಿಂದ ಹೊರಟುದೂ ಹೇಳಲ್ಪಟ್ಟಿವೆ. ಚಂದ್ರಗುಪ್ತನ ಹೆಸರು ಅದರಲ್ಲಿಲ್ಲ. ಅಲ್ಲಿಯೇ ಅನಂತರದ ಶಾಸನಗಳಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಬರುವುದು. ೯೩೧ರಲ್ಲಿ ಹರಿಷೇಣನು ಬರೆದ ಬೃಹತ್ಕಥಾಕೋಶದಲ್ಲಿ ಕಥೆಯು ಇನ್ನೊಂದು ರೂಪವನ್ನು ತಾಳಿದೆ. ಸಾವಿರ ವರ್ಷಗಳಿಗೂ ಮಿಗಿಲಾಗಿ ಒಂದು ನೆನಪು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿ ಬರುವಾಗ ಹೇಗೆ ಬೆಳೆಯುವುದು, ಹೇಗೆ ಮಾರ್ಪಡುವುದು ಎಂಬುದನ್ನು ಈ ಮೂರನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಾಣಬಹುದು. ಆ ಸರಣಿಯ ಕೊನೆಯ ಕೊಂಡಿ ದೇವಚಂದ್ರ. ಅವನು ಬರೆಯದಿದ್ದರೆ, ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಸಹ ಆ ಕೊಂಡಿಯು ಇರುತ್ತಿರಲಿಲ್ಲ. ಇತಿಹಾಸಕಾರನಿಗೆ ತಪ್ಪಾದ ಸಾಕ್ಷಿಯಿಂದ ಆಗುವ ತೊಂದರೆಗಿಂತ ಸಾಕ್ಷಿಯೇ ಇಲ್ಲದಿರುವುದರಿಂದ ಆಗುವ ತೊಂದರೆ ದೊಡ್ಡದು.

ಮೆಕೆಂಜಿಯ ಕೈಫಿಯತ್ತುಗಳಿಗೂ ಇದೇ ಮಾತು ಸಲ್ಲುವುದು. ಬಹುಕಾಲ ಅವು ಮುದ್ರಣವನ್ನು ಕಾಣದೆ ಇದ್ದುವು. ಕಾಲಾಂತರದಲ್ಲಿ ಎಂ. ಎಂ. ಕಲಬುರ್ಗಿಯವರು ಕನ್ನಡ ನಾಡಿಗೆ ಸೇರಿದವುಗಳನ್ನು ಸಂಪಾದಿಸಿ ಪುಸ್ತಕರೂಪದಲ್ಲಿ ಓದುಗರ ಕೈಗಿತ್ತರು. ಪಾಳೆಯಗಾರರ ಮನೆತನಗಳು, ಕೆರೆ ಕಟ್ಟೆಗಳು, ಜಾತ್ರೆ ಉತ್ಸವಗಳು, ಹಾಳಾದ ಪೇಟೆಗಳು, ಇವುಗಳ ವಿಷಯವಾಗಿ ಹೆಸರು ತಿಳಿಯದ ಶಾನುಭೋಗರೂ ಅರ್ಚಕರೂ ಗೌಡರೂ ಹೇಳಿದ ಮಾತು ಅವುಗಳಲ್ಲಿ ಉಳಿದುಬಂದಿದೆ.

ಒಟ್ಟಿನಲ್ಲಿ ಈ ವೃತ್ತಾಂತದಿಂದ ತಿಳಿಯುವುದೇನು? ಮರೆತುಹೋದ ಇತಿಹಾಸವನ್ನು ಪ್ರವಾಸಿಯು ಕಂಡುಹಿಡಿದನೆಂದು ಸಾಧಾರಣವಾಗಿ ಹೇಳುವುದುಂಟು. ಮಲೆಯೂರಿನವರು ಅದನ್ನು ಮರೆತಿರಲಿಲ್ಲ. ಕೇಳುವವರಿಲ್ಲದೆ ಅದು ಅವರ ಮನೆಗಳಲ್ಲಿತ್ತು. ಮೆಕೆಂಜಿಯ ಹಿರಿಮೆಯು ಕೇಳಿದುದರಲ್ಲಿದೆ. ಅದು ಸಣ್ಣ ಹಿರಿಮೆಯಲ್ಲ, ಏಕೆಂದರೆ ಅವನ ಜೊತೆಯ ಅಧಿಕಾರಿಗಳಲ್ಲಿ ಅನೇಕರು ಕೇಳಲಿಲ್ಲ. ದೇವಚಂದ್ರನ ಹಿರಿಮೆಯಾದರೋ ಕೇಳಿದವನು ಇಲ್ಲವಾದ ಮೇಲೂ ಉತ್ತರವನ್ನು ಬಿಡದೆ ಮುಗಿಸಿದುದರಲ್ಲಿದೆ. ಇವರಿಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಿದ ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯರ ಹೆಸರುಗಳನ್ನು ಪಾಠಶಾಲೆಯ ಮಕ್ಕಳಿಗೂ ಕಲಿಸತಕ್ಕದ್ದು.

ಕನ್ನಡ ನಾಡಿನ ಎಷ್ಟೋ ಮನೆಗಳ ಅಟ್ಟಗಳಲ್ಲಿ ಕಡತಗಳೂ ಓಲೆಗರಿಗಳೂ ಬಟ್ಟೆಯಲ್ಲಿ ಸುತ್ತಿ ಇಟ್ಟಂತೆಯೇ ಇರುವುವು. ಆಯುಧಪೂಜೆಯ ದಿನ ಅವಕ್ಕೆ ಗಂಧಾಕ್ಷತೆಯನ್ನಿಟ್ಟು ಮತ್ತೆ ಅಟ್ಟಕ್ಕೇರಿಸುವುದುಂಟು, ಬಿಚ್ಚಿ ಓದುವುದಿಲ್ಲ. ಗೆದ್ದಲಿಗೆ ಪೂಜೆಯ ಭೇದ ತಿಳಿಯದು. ಅವುಗಳಲ್ಲಿ ಏನಿದೆಯೆಂದು ಬಲ್ಲ ಹಿರಿಯರು ಇನ್ನೂ ಕೆಲವು ಮನೆಗಳಲ್ಲಿರುವರು. ಅವರನ್ನು ಕೇಳುವುದಕ್ಕೆ ಸ್ಟಾರ್ನೊವೇಯಿಂದ ಇನ್ನೊಬ್ಬನು ಬರಬೇಕಾದುದಿಲ್ಲ. ಮನೆಯ ಮಕ್ಕಳೇ ಕೇಳಬಹುದು, ಕೇಳಿದುದನ್ನು ಬರೆದಿಡಬಹುದು, ಹೇಳಿದವರ ಹೆಸರನ್ನೂ ಊರನ್ನೂ ಅದರ ಕೆಳಗೆ ತಪ್ಪದೆ ಕಾಣಿಸಬಹುದು. ಮುದ್ಗೇರಿಯ ಪುರೋಹಿತನ ವಿಷಯದಲ್ಲಿ ಆದ ಲೋಪವು ಇನ್ನೊಮ್ಮೆ ಆಗದಿರಲಿ.